ಟ್ರುಹಿಯೊ ಅಂದರೆ ಯಾವ ದೇಶದ ಟ್ರುಹಿಯೊ?

ಓದುಗರ ಪ್ರಶ್ನೆ: ಮೆರಿಡಾ ಅಂತ ಹುಡುಕಿದರೆ ಸ್ಪೇನ್, ಮೆಕ್ಸಿಕೊ, ವೆನೆಜುವೆಲಾ ಮೂರೂ ಕಡೆ ಸಿಗುತ್ತದೆ. ಟ್ರುಹಿಯೊ ಇನ್ನೂ ಜಾಸ್ತಿ ಕಡೆ ಇದೆ. ಸ್ಪ್ಯಾನಿಷ್ ಮಾತಾಡುವ ದೇಶಗಳಲ್ಲಿ ಒಂದೇ ಹೆಸರಿನ ಊರುಗಳು ಇಷ್ಟೊಂದು ಯಾಕಿವೆ?

ಉತ್ತರ: ಊರಿಗೆ ಹೆಸರಿಟ್ಟವನು ಎಲ್ಲಿಯವನು ಅಂತ ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

16ನೇ ಶತಮಾನದಲ್ಲಿ ಅಮೆರಿಕ ಖಂಡಕ್ಕೆ ದಂಡೆತ್ತಿ ಹೋದ ಸ್ಪೇನಿನವರಲ್ಲಿ ಬಹಳ ಜನ ಎಸ್ತ್ರೆಮದೂರಾ ಎಂಬ ಬಡ ಸೀಮೆಯವರು. ಟ್ರುಹಿಯೊ, ಮೆರಿಡಾ, ಮೆಡೆಯಿನ್ ಮೂರೂ ಆ ಸೀಮೆಯ ಊರುಗಳೇ. ಇಂಕಾ ರಾಜ್ಯವನ್ನು ಗೆದ್ದ ಫ್ರಾನ್ಸಿಸ್ಕೊ ಪಿಸಾರೊ ಟ್ರುಹಿಯೊದವನು. ಅವನ ಜೊತೆಗಾರ ಅಲ್ಮಾಗ್ರೊ 1534ರಲ್ಲಿ ಪೆರುವಿನ ಕರಾವಳಿಯಲ್ಲಿ ಊರು ಕಟ್ಟಿದಾಗ ಪಿಸಾರೊ ಹುಟ್ಟಿದೂರಿನ ಹೆಸರನ್ನೇ ಇಟ್ಟ. ಅದರಿಂದ ಸ್ನೇಹವೇನೂ ಉಳಿಯಲಿಲ್ಲ. 1538ರಲ್ಲಿ ಪಿಸಾರೊನ ತಮ್ಮನೇ ಅಲ್ಮಾಗ್ರೊನನ್ನು ಕೊಲ್ಲಿಸಿದ.

ಆಗ ಊರು ಹುಟ್ಟುತ್ತಿದ್ದದ್ದು ಮೊದಲು ಕಾಗದದ ಮೇಲೆ. ಬಯಲಿನಲ್ಲಿ ಚೌಕ ಗುರುತಿಸಿ, ಕಂಬ ನೆಟ್ಟು, ನಗರಸಭೆಗೆ ಜನರನ್ನು ನೇಮಿಸಿ, ರಾಜನ ಹೆಸರಿನಲ್ಲಿ ದಾಖಲೆ ಬರೆಸುತ್ತಿದ್ದರು. ಮನೆ ಒಂದೂ ಇರದಿದ್ದರೂ ಹೆಸರು ಮಾತ್ರ ಅವತ್ತೇ ಬೇಕು. ಹಾಗಾಗಿ ಜಾಗ ಬದಲಾದರೂ ಹೆಸರು ಜನರ ಜೊತೆ ಹೋಗುತ್ತಿತ್ತು. ವೆನೆಜುವೆಲಾದ ಟ್ರುಹಿಯೊವನ್ನು 1557ರಲ್ಲಿ ಶುರು ಮಾಡಿದವನೂ ಟ್ರುಹಿಯೊದವನೇ, ದಿಯೆಗೊ ಗಾರ್ಸಿಯಾ ದೆ ಪರೆದೆಸ್. ಆ ಊರು ಎಷ್ಟು ಸಲ ಜಾಗ ಬದಲಿಸಿತೆಂದರೆ ಅದಕ್ಕೆ ‘ಹೊತ್ತೊಯ್ಯುವ ಊರು’ ಅಂತಲೇ ಅಡ್ಡಹೆಸರು ಬಿತ್ತು.

ಮರುವರ್ಷ, ಅಂದರೆ 1558ರಲ್ಲಿ, ಮೆರಿಡಾದವನಾದ ಹುವಾನ್ ರೊದ್ರಿಗೆಸ್ ಸುವಾರೆಸ್ ಅದೇ ಬೆಟ್ಟಸೀಮೆಯಲ್ಲಿ ಇನ್ನೊಂದು ಮೆರಿಡಾ ಕಟ್ಟಿದ. ಅವನಿಗೆ ಸಿಕ್ಕಿದ್ದ ಅಪ್ಪಣೆ ಗಣಿ ಹುಡುಕುವುದಕ್ಕೆ, ಊರು ಕಟ್ಟುವುದಕ್ಕಲ್ಲ. ಬೊಗೋಟಾದಲ್ಲಿ ಮರಣದಂಡನೆಯ ತೀರ್ಪು ಬಂತು. ತಪ್ಪಿಸಿಕೊಂಡು ಓಡಿದ. ಎಲ್ಲಿಗೆ ಅಂತೀರಾ? ಟ್ರುಹಿಯೊಗೆ! ಗಾರ್ಸಿಯಾ ದೆ ಪರೆದೆಸ್ ತಮ್ಮ ಸೀಮೆಯವನಿಗೆ ಆಸರೆ ಕೊಟ್ಟ.

ಮೆಕ್ಸಿಕೊದ ಮೆರಿಡಾ ಕಥೆ ಬೇರೆ. ಅಲ್ಲಿದ್ದದ್ದು ಮಾಯಾ ಜನರ ಹಳೆಯ ನಗರ. ಅದರ ದೊಡ್ಡ ಕಲ್ಲುಕಟ್ಟಡಗಳನ್ನು ನೋಡಿ ಸ್ಪೇನಿನವರಿಗೆ ತಮ್ಮ ಮೆರಿಡಾದ ರೋಮನ್ ಅವಶೇಷಗಳು ನೆನಪಾದವಂತೆ. 1542ರಲ್ಲಿ ಆ ಹೆಸರಿಟ್ಟರು, ಅದೇ ಕಲ್ಲುಗಳನ್ನು ಕಿತ್ತು ಮನೆ, ಚರ್ಚು ಕಟ್ಟಿಕೊಂಡರು. ಮಾಯಾ ಭಾಷೆಯವರಿಗೆ ಅದು ಈಗಲೂ ‘ಹೋ’. ನಕ್ಷೆಯಲ್ಲಿ ಹೆಸರು ಎರಡು ಸಲ ಕಂಡಾಗ, ಅದರ ಅಡಿಯಲ್ಲಿ ಇನ್ನೊಂದು ಹೆಸರು ಇತ್ತೇ ಅಂತಲೂ ಕೇಳಬೇಕು.

ಇನ್ನು ಕೆಲವು ಹೆಸರುಗಳು ಮೇಲಿನವರನ್ನು ಮೆಚ್ಚಿಸಲು ಬಂದವು. ಈಕ್ವೆಡಾರಿನ ಕುವೆಂಕಾ (1557) ಪೆರುವಿನ ಅಂದಿನ ವೈಸ್‌ರಾಯ್ ಹುಟ್ಟಿದೂರಿನ ಹೆಸರು. ಕೊಲಂಬಿಯಾದ ಮೆಡೆಯಿನ್‌ಗೆ ಹೆಸರು ಬಂದದ್ದು ಅಮೆರಿಕದ ಆಡಳಿತ ನೋಡಿಕೊಳ್ಳುವ ರಾಜಸಭೆಯ ಅಧ್ಯಕ್ಷನಾಗಿದ್ದ ಮೆಡೆಯಿನ್ ಕೌಂಟ್‌ನಿಂದ. ಈಗ ಅಲ್ಲಿ 20 ಲಕ್ಷಕ್ಕೂ ಜಾಸ್ತಿ ಜನ. ಸ್ಪೇನಿನ ಮೂಲ ಮೆಡೆಯಿನ್ ಸುಮ್ನೆ ಒಂದು ಹಳ್ಳಿ.

ಸಂತರ ಹೆಸರುಗಳದ್ದು ಹೇಳುವುದೇ ಬೇಡ. ಸಂತ ಸಾಂಟಿಯಾಗೊ ಸ್ಪೇನಿನ ಕಾವಲು ಸಂತ. ಚಿಲಿಯ ರಾಜಧಾನಿ (1541), ಕ್ಯೂಬಾದ ಎರಡನೇ ದೊಡ್ಡ ನಗರ, ಅರ್ಜೆಂಟೀನಾದ ಸಾಂಟಿಯಾಗೊ ದೆಲ್ ಎಸ್ತೆರೊ, ಎಲ್ಲವೂ ಅವನ ಹೆಸರಿನವೇ.

ಗೊಂದಲ ಆಗಲ್ವಾ? ಅದಕ್ಕೇ ‘ದೆಲ್ ಎಸ್ತೆರೊ’ ಥರ ಊರಿನ ಹೆಸರಿಗೆ ಬಾಲ ಸೇರಿಸುತ್ತಾರೆ. ಜನರನ್ನು ಕರೆಯುವುದೂ ಬೇರೆ ಬೇರೆ ಹೆಸರಿನಿಂದ. ಚಿಲಿಯವರು ಸಾಂಟಿಯಾಗಿನೊ, ಕ್ಯೂಬಾದವರು ಸಾಂಟಿಯಾಗೆರೊ. ಮೆಕ್ಸಿಕೊದ ಮೆರಿಡಾದವನು ಮೆರಿದಾನೊ, ವೆನೆಜುವೆಲಾದವನು ಮೆರಿದೆನ್ಯೊ, ಸ್ಪೇನಿನವನು ಎಮೆರಿತೆನ್ಸೆ. ಆದರೆ ಟ್ರುಹಿಯೊದವರು ಯಾವ ದೇಶದಲ್ಲಿದ್ದರೂ ಟ್ರುಹಿಯಾನೊಗಳೇ. ಅವರನ್ನು ಮಾತ್ರ ದೇಶ ಯಾವುದು ಅಂತ ಕೇಳಲೇಬೇಕು.