ಜರ್ಮನಿಯಲ್ಲಿ ರಾತ್ರಿ ರೊಟ್ಟಿ ಬಡಿಯಬಹುದೇ?

ಪ್ರಶ್ನೆ: ಮಗ ವಿಜಯಪುರದಿಂದ ಎಂ.ಎಸ್. ಓದಾಕ ಜರ್ಮನಿಗೆ ಹೊಂಟಾನ್ರಿ. ಗೊತ್ತಿಲ್ಲದ ಅಲ್ಲಿಯವರಿಗೆ ಬ್ಯಾಸರ ಆಗೂವಂಥಾದ್ದು ಏನರ ಮಾಡಿಬಿಟ್ಟಾನು ಅಂತ ಚಿಂತಿ. ಯಾವುದಕ್ಕ ಹುಷಾರಿರಬೇಕು?

ಉತ್ತರ: ಕೈ ಕುಲುಕುವುದು, ಚಾಕು-ಫೋರ್ಕ್ ಹಿಡಿಯುವುದು ನೋಡಿ ಕಲಿಯುವಂಥವು, ತಪ್ಪಿದರೂ ಯಾರೂ ಮುನಿಯುವುದಿಲ್ಲ. ತಕರಾರು ಏಳುವುದು ಸಪ್ಪಳಕ್ಕೆ.

ಅಲ್ಲಿ ‘ರೂಎತ್ಸೈಟ್’ ಅಂತ ಸದ್ದು ಮಾಡಬಾರದ ಹೊತ್ತು ಇದೆ: ಸಾಮಾನ್ಯವಾಗಿ ರಾತ್ರಿ 10ರಿಂದ ಬೆಳಗ್ಗೆ 6, ಜೊತೆಗೆ ಭಾನುವಾರ ಇಡೀ ದಿನ. ಕೆಲವು ಕಟ್ಟಡಗಳಲ್ಲಿ ಮಧ್ಯಾಹ್ನ 1ರಿಂದ 3ರವರೆಗೂ ಉಂಟು. ಬಾಡಿಗೆ ಕರಾರಿನೊಂದಿಗೆ ಬರುವ ಮನೆ ನಿಯಮಗಳ ಹಾಳೆಯಲ್ಲಿ ಇದು ಬರೆದಿರುತ್ತದೆ. ಸಹಿ ಹಾಕುವ ಮೊದಲು ಓದಿಸಿಕೊಳ್ಳಲಿ. ಹಳೆಯ ಕಟ್ಟಡಗಳಲ್ಲಿ ಕಟ್ಟಿಗೆಯ ನೆಲ ಹೆಚ್ಚು. ಜೋಳದ ರೊಟ್ಟಿ ಬಡಿಯುವ ಸಪ್ಪಳ ನಮ್ಮ ಕಿವಿಗೇ ಬೀಳುವುದಿಲ್ಲ, ಕೆಳಗಿನ ಮನೆಯವರಿಗೆ ಮಾತ್ರ ನೆತ್ತಿಯ ಮೇಲೇ ಬಡಿದಂತೆ. ಶೇಂಗಾ ಹಿಂಡಿ ಕುಟ್ಟುವುದು, ಮಿಕ್ಸರ್ ಹಾಕುವುದು ಶನಿವಾರ ಹಗಲೇ ಮುಗಿಯಲಿ. ಖಾಲಿ ಗಾಜಿನ ಬಾಟಲಿಗಳನ್ನು ಬೀದಿಯ ಡಬ್ಬಿಗೆ ಹಾಕುವುದೂ ಭಾನುವಾರ ಸಲ್ಲದು. ದೂರು ಮೇಲಿಂದ ಮೇಲೆ ಬಂದರೆ ಮಾಲೀಕರಿಂದ ಲಿಖಿತ ಎಚ್ಚರಿಕೆ ಬರುತ್ತದೆ, ಆಮೇಲೆ ಮನೆ ಬಿಡಿಸುವವರೆಗೂ ಹೋಗಬಹುದು.

ಖಡಕ್ ರೊಟ್ಟಿ ಕಟ್ಟಿಕೊಟ್ಟರೆ ಮೊದಲ ತಿಂಗಳು ಬಡಿಯುವ ಗೊಡವೆಯೇ ಇಲ್ಲ. ಮನೆಯ ತುಪ್ಪದ ಡಬ್ಬಿ ಮಾತ್ರ ಬೇಡ: ಭಾರತದಿಂದ ಹಾಲಿನ ಉತ್ಪನ್ನ, ಮಾಂಸ ಒಯ್ಯಲು ಐರೋಪ್ಯ ಒಕ್ಕೂಟದ ನಿಯಮ ಬಿಡುವುದಿಲ್ಲ.

ಒಗ್ಗರಣೆಯದು ವಾಸನೆಗಿಂತ ಹಬೆಯ ತಂಟೆ. ಚಳಿಗೆ ಕಿಟಕಿ ಮುಚ್ಚಿಯೇ ಅಡಿಗೆ ಮಾಡಿದರೆ ಹಬೆ ತಣ್ಣನೆಯ ಗೋಡೆಗೆ ಕೂತು ಬೂಷ್ಟು ಹಿಡಿಯುತ್ತದೆ. ಅದರ ಖರ್ಚು ಬಾಡಿಗೆದಾರನ ತಲೆಗೇ ಬರಬಹುದು. ದಿನಕ್ಕೆ ಎರಡು-ಮೂರು ಸಲ, ಅಡಿಗೆಯಾದ ಮೇಲೆ ತಪ್ಪದೆ, ಹೀಟರ್ ತಗ್ಗಿಸಿ ಕಿಟಕಿಯನ್ನು 5ರಿಂದ 10 ನಿಮಿಷ ಪೂರ್ತಿ ತೆರೆಯಬೇಕು. ಅರ್ಧ ಓರೆ ಮಾಡಿ ದಿನವಿಡೀ ಬಿಟ್ಟರೆ ಗೋಡೆ ತಣ್ಣಗಾಗಿ ಬೂಷ್ಟು ಇನ್ನೂ ಹೆಚ್ಚುತ್ತದೆ.

ಹೊತ್ತಿನ ಲೆಕ್ಕದಲ್ಲೂ ಎಡವುವವರುಂಟು. ‘ಹಾಲ್ಬ್’ ಅಂದರೆ ಅರ್ಧ, ‘ದ್ರೈ’ ಅಂದರೆ ಮೂರು. ಆದರೆ ‘ಹಾಲ್ಬ್ ದ್ರೈ’ ಮೂರೂವರೆಯಲ್ಲ, ಎರಡೂವರೆ. ಮೂರಕ್ಕೆ ಅರ್ಧ ತಾಸು ಬಾಕಿ ಎಂಬ ಲೆಕ್ಕ. ‘ಇಲ್ಲೇ ಹೊಂಟಿದ್ದೆ, ಹಂಗ ಬಂದೆ’ ಅಂತ ಹೇಳದೆ ಯಾರ ಮನೆ ಬಾಗಿಲನ್ನೂ ತಟ್ಟಬಾರದು.

ಊಟಕ್ಕೆ ಕರೆದಲ್ಲಿ ನಮ್ಮ ಕಡೆಯ ಸಂಕೋಚ ನಡೆಯದು. ಇಲ್ಲಿ ಮೂರು ಸಲ ‘ಬ್ಯಾಡ್ರಿ’ ಅಂದರೂ ನೀಡುತ್ತಾರೆ. ಅಲ್ಲಿ ಒಮ್ಮೆ ಬೇಡ ಎಂದರೆ ಪಾತ್ರೆ ಮುಂದಿನವರಿಗೆ ಹೋಯಿತು, ಹುಡುಗ ಹಸಿದೇ ಏಳಬೇಕು. ಹೌದು, ಇಲ್ಲ ಎಂಬುದನ್ನು ಬಾಯಿಬಿಟ್ಟೇ ಹೇಳಲಿ; ನಾವು ತಲೆ ಅಲ್ಲಾಡಿಸುವ ರೀತಿ ಅವರಿಗೆ ‘ಇಲ್ಲ’ ಎಂದೇ ಕಾಣುತ್ತದೆ.

ಮಾತಿನ ಮರ್ಯಾದೆ ನಮ್ಮವರಿಗೆ ಸಲೀಸು. ‘ಜೀ’ ಅಂದರೆ ನೀವು, ‘ದೂ’ ಅಂದರೆ ನೀನು. ಹಿರಿಯರೇ ‘ದೂ’ ಎಂದು ಕರೆ ಎನ್ನುವವರೆಗೆ ‘ಜೀ’ ಬಿಡಬಾರದು. ಹುಟ್ಟುಹಬ್ಬದ ಶುಭಾಶಯವನ್ನು ಹಿಂದಿನ ದಿನವೇ ಹೇಳುವುದು ಅಲ್ಲಿ ಅಪಶಕುನ. ತನ್ನ ಹುಟ್ಟುಹಬ್ಬಕ್ಕೆ ಕೇಕ್ ತಾನೇ ಒಯ್ಯಬೇಕು. ಬೇರೆಯವರು ತಂದಾರೆಂದು ಕಾಯುತ್ತ ಕೂರುವುದು ಬೇಡ.