ಪ್ಲಗಿನ್‌ಗಳಲ್ಲಿ ಸಿಎಸ್‌ಆರ್‌ಎಫ್: ನಾನ್ಸ್ ಹಾಕಿದ್ರೂ ಉಳಿಯುವ ತೂತು

ಮಂಗ್ಳೂರು, ಉಡುಪಿ ಕಡೆ ವರ್ಡ್‌ಪ್ರೆಸ್ ಕೆಲಸ ಕಲೀತಿರುವವರಿಗೆ ಈ ನೋಟ್ಸ್, ಸ್ವಂತ ಪ್ಲಗಿನ್ ಬರೆಯುವವರಂತೂ ಪೂರ್ತಿ ಓದಿ. ಸಿಎಸ್‌ಆರ್‌ಎಫ್ (ಕ್ರಾಸ್-ಸೈಟ್ ರಿಕ್ವೆಸ್ಟ್ ಫೋರ್ಜರಿ) ಅಂದ್ರೆ ಲಾಗಿನ್ ಆಗಿರುವವರ ಬ್ರೌಸರಿಂದ ಅವರಿಗೇ ಗೊತ್ತಿಲ್ಲದ ಹಾಗೆ ಬೇರೆ ಸೈಟು ರಿಕ್ವೆಸ್ಟ್ ಕಳಿಸುವ ದಾಳಿ.

ಮಲ್ಪೆಯಲ್ಲಿ ಒಂದು ಹೋಮ್‌ಸ್ಟೇ ಉಂಟು, ಅವರ ಸೈಟಲ್ಲಿ ಬುಕಿಂಗ್ ಪ್ಲಗಿನ್ ಉಂಟು ಅಂತ ಇಟ್ಕೊಳ್ಳಿ. ಓನರ್ ಡ್ಯಾಶ್‌ಬೋರ್ಡಿಗೆ ಲಾಗಿನ್ ಆಗಿ ಹಾಗೇ ಬಿಟ್ಟಿದ್ದಾರೆ, ಪಕ್ಕದ ಟ್ಯಾಬಲ್ಲಿ ವಾಟ್ಸಾಪ್ ವೆಬ್ಬಿಗೆ ಬಂದ ಯಾವುದೋ ಲಿಂಕ್ ಒತ್ತುತ್ತಾರೆ, ಆ ಪೇಜಲ್ಲಿ ಕಣ್ಣಿಗೆ ಕಾಣದ ಒಂದು ಫಾರ್ಮ್ ತನ್ನಷ್ಟಕ್ಕೆ ಸಬ್ಮಿಟ್ ಆಗಿ ಸೀದಾ ಹೋಮ್‌ಸ್ಟೇ ಸೈಟಿನ ಪ್ಲಗಿನ್ ಸೆಟ್ಟಿಂಗ್ಸಿಗೆ ಹೋಗ್ತದೆ. ಜೊತೆಗೆ ಲಾಗಿನ್ ಕುಕೀನೂ (ಲಾಗಿನ್ ಆಗಿದ್ದಾರೆ ಅಂತ ಬ್ರೌಸರ್ ಇಟ್ಕೊಂಡಿರುವ ಗುರುತು) ಹೋದ್ರೆ ಪ್ಲಗಿನ್ ಅದನ್ನು ನೋಡಿ ಓನರೇ ಕಳಿಸಿದ್ದು ಅಂತ ನಂಬಿ ಬುಕಿಂಗ್ ಮೇಲ್ ಹೋಗುವ ಅಡ್ರೆಸ್ಸನ್ನೇ ಬದಲಾಯಿಸ್ತದೆ. ಪಾಸ್‌ವರ್ಡ್ ಯಾರೂ ಕದ್ದಿಲ್ಲ. ಸೆಟ್ಟಿಂಗಲ್ಲಿ ಸ್ಕ್ರಿಪ್ಟ್ ಸೇವ್ ಆಗುವ ಹಾಗಿದ್ರೆ ಇದೇ ದಾರಿಯಲ್ಲಿ ಸ್ಟೋರ್ಡ್ ಎಕ್ಸ್‌ಎಸ್‌ಎಸ್ ಕೂಡ ಆಗ್ತದೆ, ಅಂದ್ರೆ ದಾಳಿ ಮಾಡುವವನ ಸ್ಕ್ರಿಪ್ಟ್ ಸೈಟಲ್ಲೇ ಉಳಿದು ಪೇಜ್ ತೆರೆದವರ ಬ್ರೌಸರಲ್ಲಿ ಓಡ್ತದೆ.

ಬೇರೆ ಸೈಟಿಂದ ಬರುವ ರಿಕ್ವೆಸ್ಟ್ ಜೊತೆ ಕುಕೀ ಹೋಗ್ಬೇಕಾ ಅಂತ ಹೇಳುವ ಸೆಟ್ಟಿಂಗ್ ಸೇಮ್‌ಸೈಟ್. ಕ್ರೋಮ್ 2020ರಿಂದ ಸೇಮ್‌ಸೈಟ್ ಹೇಳದ ಕುಕೀಯನ್ನು ಲ್ಯಾಕ್ಸ್ ಅಂತ ತಗೊಳ್ತದೆ, ಬೇರೆ ಸೈಟಿಂದ ಬರುವ ಪೋಸ್ಟ್‌ಗೆ (ಫಾರ್ಮ್ ಡೇಟಾ ಕಳಿಸುವ ರಿಕ್ವೆಸ್ಟ್) ಸಾಮಾನ್ಯವಾಗಿ ಕುಕೀ ಹೋಗುದಿಲ್ಲ. ಆದ್ರೆ ಲಿಂಕ್ ಒತ್ತಿ ಬರುವ ಗೆಟ್ ರಿಕ್ವೆಸ್ಟಿಗೆ ಹೋಗ್ತದೆ, ಗೆಟ್ಟಲ್ಲೇ ಡಿಲೀಟ್ ಮಾಡುವ ಪ್ಲಗಿನ್‌ಗಳೂ ಉಂಟಲ್ಲ! ಹಾಗಾಗಿ ಬ್ರೌಸರನ್ನು ನಂಬಿ ಕೂರುವ ವಿಷಯ ಅಲ್ಲ ಇದು.

ವರ್ಡ್‌ಪ್ರೆಸ್ಸಲ್ಲಿ ಇದಕ್ಕೆ ನಾನ್ಸ್ ಉಂಟು. ಅದು ಫಾರ್ಮ್ ಜೊತೆ ಹೋಗುವ, ಯೂಸರ್, ಅವರ ಸೆಷನ್, ಮಾಡುವ ಆ್ಯಕ್ಷನ್ ಮೂರಕ್ಕೂ ಕಟ್ಟಿದ ಟೋಕನ್, ಹೊರಗಿನ ಪೇಜಿಗೆ ಅದು ಗೊತ್ತಿರುದಿಲ್ಲ, ಡಿಫಾಲ್ಟಾಗಿ ಹೆಚ್ಚಂದ್ರೆ 24 ಗಂಟೆ ನಡೀತದೆ, ಅಷ್ಟರೊಳಗೆ ಎಷ್ಟು ಸಲ ಬೇಕಾದ್ರೂ ಬಳಸ್ಬಹುದು.

ಈಗ ಮುಖ್ಯ ವಿಷಯ ಮಾರ್ರೆ. ಸುಮಾರು ಕೋಡಲ್ಲಿ ಕಂಡೀಷನ್ ಹೀಗಿರ್ತದೆ: ನಾನ್ಸ್ ಬಂದಿದ್ದು, ಅದು ತಪ್ಪಾಗಿದ್ರೆ ನಿಲ್ಲಿಸು. ನೋಡ್ಲಿಕ್ಕೆ ಸರಿಯೇ ಉಂಟು. ಆದ್ರೆ ದಾಳಿ ಮಾಡುವವ ನಾನ್ಸ್ ಫೀಲ್ಡನ್ನೇ ಕಳಿಸದಿದ್ರೆ ಎಂತ ಆಗ್ತದೆ? "ಬಂದಿದ್ದು" ಅನ್ನುವ ಭಾಗವೇ ಸುಳ್ಳಾಗಿ ಚೆಕ್ ನಡೆಯುದೇ ಇಲ್ಲ, ಕೋಡ್ ಮುಂದೆ ಹೋಗಿ ಸೇವ್ ಮಾಡ್ತದೆ. ಬರೆಯಬೇಕಾದ್ದು: ನಾನ್ಸ್ ಇಲ್ಲದಿದ್ರೂ ನಿಲ್ಲಿಸು, ತಪ್ಪಿದ್ರೂ ನಿಲ್ಲಿಸು.

ನಾನ್ಸ್ ಸರಿ ಇದ್ರೆ ಪರ್ಮಿಷನ್ ಉಂಟು ಅಂತ ಅರ್ಥ ಅಲ್ಲ, ಈ ಯೂಸರಿಗೆ ಆ ಕೆಲಸ ಮಾಡುವ ಹಕ್ಕು ಉಂಟಾ ಅಂತ ನೋಡುವ ಕರೆಂಟ್ ಯೂಸರ್ ಕ್ಯಾನ್ (current_user_can) ಚೆಕ್ ಬೇರೆಯೇ ಹಾಕ್ಬೇಕು. ಈಸ್ ಅಡ್ಮಿನ್ (is_admin) ಫಂಕ್ಷನ್ ಸಾಕಾಗುದಿಲ್ಲ, ಅದು ಅಡ್ಮಿನ್ ಕಡೆಯ ರಿಕ್ವೆಸ್ಟಾ ಅಂತ ಮಾತ್ರ ನೋಡ್ತದೆ, ಕಳಿಸಿದವರು ಯಾರು ಅಂತ ನೋಡುದಿಲ್ಲ.

ಟೆಸ್ಟ್ ಮಾಡ್ಲಿಕ್ಕೆ ನಿಮ್ಮದೇ ಲೋಕಲ್ ಸೈಟಲ್ಲಿ ಸೆಟ್ಟಿಂಗ್ಸ್ ಪೇಜ್ ತೆರೆದು, ಇನ್‌ಸ್ಪೆಕ್ಟಲ್ಲಿ ನಾನ್ಸ್‌ನ ಹಿಡನ್ ಫೀಲ್ಡ್ ಅಳಿಸಿ ಸೇವ್ ಒತ್ತಿ. ಇನ್ನೊಮ್ಮೆ ಫೀಲ್ಡ್ ಇಟ್ಟು ಒಂದು ಅಕ್ಷರ ಬದಲಾಯಿಸಿ ಒತ್ತಿ. ಎರಡರಲ್ಲಿ ಒಂದು ಸೇವ್ ಆದ್ರೂ ತೂತು ಉಂಟು.