ಹಳ್ಳದವರೆಲ್ಲ ಒಂದೇ ಮನೆಯವರೇ?

ಉತ್ತರ ಕರ್ನಾಟಕದಲ್ಲಿ ‘ಹಳ್ಳದ’ ಎಂಬ ಅಡ್ಡಹೆಸರಿನ ಮನೆತನಗಳಿವೆ. ಹಳ್ಳದ ದಂಡೆಯಲ್ಲಿ ಮನೆಯೋ ಹೊಲವೋ ಇದ್ದವರನ್ನು ಊರವರು ಹಾಗೆ ಕರೆದಿರಬೇಕು. ಹಳ್ಳವಿಲ್ಲದ ಊರು ಅಪರೂಪವಾದ್ದರಿಂದ, ಈ ಹೆಸರು ಹತ್ತಾರು ಕಡೆ ಬೇರೆ ಬೇರೆಯಾಗಿಯೇ ಹುಟ್ಟಿರಬಹುದೆಂದು ಯಾರಾದರೂ ಊಹಿಸುತ್ತಾರೆ. ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ‘ಸೈಕ್ಸ್’ ಎಂಬ ಮನೆತನದ ಹೆಸರಿನ ಬಗ್ಗೆಯೂ ಬಲ್ಲವರ ತರ್ಕ ಹೀಗೆಯೇ ಇತ್ತು. ಅಲ್ಲಿನ ಆಡುನುಡಿಯಲ್ಲಿ ‘ಸೈಕ್’ ಎಂದರೆ ಸಣ್ಣ ಹಳ್ಳ. ಆ ತರ್ಕವನ್ನು ಡಿಎನ್‌ಎ ಪರೀಕ್ಷೆಗೆ ಒಡ್ಡಿದವರು ಆಕ್ಸ್‌ಫರ್ಡ್‌ನ ತಳಿವಿಜ್ಞಾನಿ ಬ್ರಯನ್ ಸೈಕ್ಸ್. ತಮ್ಮದೇ ಹೆಸರನ್ನು ಆಯ್ದುಕೊಂಡದ್ದರಲ್ಲಿ ಕುತೂಹಲದಷ್ಟೇ ಅನುಕೂಲವೂ ಇದ್ದಿರಬೇಕು.

ಇಂಥ ಪರೀಕ್ಷೆಗೆ ಆಧಾರ ವೈ ಕ್ರೋಮೋಸೋಮು ಎಂಬ ಡಿಎನ್‌ಎ ಎಳೆ. ಅದು ತಂದೆಯಿಂದ ಮಗನಿಗೆ ಮಾತ್ರ ಬರುತ್ತದೆ. ಇಂಗ್ಲೆಂಡಿನ ಮನೆತನದ ಹೆಸರೂ ಅದೇ ದಾರಿಯಲ್ಲಿ ಇಳಿದು ಬಂದಿದೆ. ಕೆನ್ನೆಯ ಒಳಗೋಡೆಯನ್ನು ಪುಟ್ಟ ಕುಂಚದಿಂದ ಉಜ್ಜಿ ತೆಗೆದ ಜೀವಕೋಶಗಳಲ್ಲಿ ಈ ಕ್ರೋಮೋಸೋಮಿನ ಕೆಲವು ಗೊತ್ತಾದ ತಾಣಗಳನ್ನು ಓದಲಾಗುತ್ತದೆ. ಉದಾಹರಣೆಗೆ ಡಿವೈಎಸ್ 391 ಎಂಬ ತಾಣದಲ್ಲಿ ಟಿ, ಸಿ, ಟಿ, ಎ ಎಂಬ ನಾಲ್ಕು ರಾಸಾಯನಿಕ ಅಕ್ಷರಗಳ ತುಣುಕು ಒಂದರ ಹಿಂದೆ ಒಂದರಂತೆ ಒಬ್ಬನಲ್ಲಿ 10 ಸಲ, ಇನ್ನೊಬ್ಬನಲ್ಲಿ 11 ಸಲ ಬಂದಿರುತ್ತದೆ. ಮಗನ ಎಣಿಕೆ ಸಾಮಾನ್ಯವಾಗಿ ತಂದೆಯದೇ. ಎಷ್ಟೋ ನೂರು ಜನನಗಳಿಗೊಮ್ಮೆ ನಕಲು ತಪ್ಪಿ ಒಂದು ಹೆಚ್ಚೋ ಕಡಿಮೆಯೋ ಆಗುತ್ತದೆ. ಹಲವು ತಾಣಗಳ ಎಣಿಕೆಗಳನ್ನು ಸಾಲಾಗಿ ಬರೆದರೆ ಅದೇ ಆ ಗಂಡುಸಂತತಿಯ ಗುರುತು.

ಸೈಕ್ಸ್ ಹೆಸರಿನ 48 ಗಂಡಸರಲ್ಲಿ ಇಂಥ ನಾಲ್ಕು ತಾಣಗಳನ್ನು ನೋಡಿದಾಗ, ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯ ಗುರುತು ಒಂದೇ ಆಗಿತ್ತು. ಹೋಲಿಕೆಗೆಂದು ಪರೀಕ್ಷಿಸಿದ, ಅದೇ ಸೀಮೆಯ ಬೇರೆ ಹೆಸರಿನವರಲ್ಲಿ ಆ ಗುರುತು ಕಾಣಲೇ ಇಲ್ಲ. 2000ರಲ್ಲಿ ಪ್ರಕಟವಾದ ಈ ಫಲಿತಾಂಶದ ಪ್ರಕಾರ, ಹಳ್ಳಗಳು ನೂರಾರಿದ್ದರೂ ಇಂದಿನ ಸೈಕ್ಸ್‌ಗಳ ಮೂಲಪುರುಷ ಬಹುಶಃ ಒಬ್ಬನೇ. ಉಳಿದ ಅರ್ಧ? ಸುಮಾರು 700 ವರ್ಷಗಳ ಹಾದಿಯಲ್ಲಿ ಹೆಸರು ಒಂದು ಕಡೆ, ರಕ್ತ ಇನ್ನೊಂದು ಕಡೆ ಹರಿದ ಸಂದರ್ಭಗಳು ಕೂಡುತ್ತ ಬಂದಿರಬಹುದೆಂದು ಲೆಕ್ಕ ಹಾಕಿ, ಅದರ ಸರಾಸರಿ ಪ್ರಮಾಣ ತಲೆಮಾರಿಗೆ ಶೇ. 1.3 ಎಂದು ಅಂದಾಜಿಸಲಾಯಿತು. ಇದನ್ನು ಓದಿದ ಕೂಡಲೇ ಹಾದರದ ಕಡೆಗೇ ಮನಸ್ಸು ಓಡಿಸುವುದು ಅನ್ಯಾಯ. ದತ್ತು ಬಂದ ಮಗ, ಮಲತಂದೆಯ ಹೆಸರು ಹೊತ್ತವನು, ಆಸ್ತಿಗಾಗಿ ತಾಯಿಯ ತವರಿನ ಹೆಸರು ಹಿಡಿದವನು ಎಲ್ಲರೂ ಆ ಲೆಕ್ಕದೊಳಗೇ ಬರುತ್ತಾರೆ.

ಎಲ್ಲ ಹೆಸರುಗಳೂ ಹೀಗೆ ಒಂದೇ ಬೇರಿಗೆ ಇಳಿಯುವುದಿಲ್ಲ. ಲೆಸ್ಟರ್ ವಿಶ್ವವಿದ್ಯಾಲಯದ ಟೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 40 ಹೆಸರುಗಳ 1,678 ಗಂಡಸರಿದ್ದರು. ಅಪರೂಪದ ಅಟೆನ್‌ಬರೋ ಎಂಬ ಹೆಸರಿನವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿಯ ಗುರುತು ಒಂದೇ ಆಗಿದ್ದರೆ, ಸ್ಮಿತ್‌ಗಳಲ್ಲಿ ಅಂಥ ಹೊಂದಿಕೆ ಕಾಣಲಿಲ್ಲ. ಸ್ಮಿತ್ ಎಂದರೆ ಕಮ್ಮಾರ. ಕುಲುಮೆ ಇದ್ದಲ್ಲೆಲ್ಲ ಆ ಹೆಸರು ಹುಟ್ಟಿತು. ನಮ್ಮ ಬಡಿಗೇರ, ಪತ್ತಾರರನ್ನು ಪರೀಕ್ಷಿಸಿದರೂ ಬೇರೆ ಫಲ ನಿರೀಕ್ಷಿಸಬೇಕಿಲ್ಲ.

ಪ್ರಯೋಗಾಲಯದ ವರದಿಯಲ್ಲಿ ಇರುವುದು ಬರೀ ಅಂಕಿಗಳು ಎಂಬುದನ್ನು ಪರೀಕ್ಷೆಗೆ ಹಣ ಕಟ್ಟುವವರು ಮರೆಯುತ್ತಾರೆ. ಇಬ್ಬರು ಒಂದೇ ಸಂತತಿಯವರೇ ಎಂಬುದಕ್ಕೆ ಅದು ಉತ್ತರ ಕೊಟ್ಟೀತು. ಆ ಹೆಸರು ಯಾವ ಊರಿನ, ಯಾವ ಹಳ್ಳದ ಪಕ್ಕ ಹುಟ್ಟಿತೆಂಬುದನ್ನು ಕಾಗದಪತ್ರಗಳೇ ಹೇಳಬೇಕು. ಇಂಗ್ಲೆಂಡಿನ ಚರ್ಚುಗಳಲ್ಲಿ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ದಾಖಲೆ ಕಡ್ಡಾಯವಾದದ್ದು 1538ರಲ್ಲಿ. ಅದಕ್ಕೂ ಹಿಂದಿನ ಎರಡು ಶತಮಾನಗಳಿಗೆ ತೆರಿಗೆ ಪಟ್ಟಿ, ಜಮೀನಿನ ಪತ್ರಗಳನ್ನು ಹುಡುಕಬೇಕು. ನಮ್ಮಲ್ಲಿ ಆ ಕೆಲಸಕ್ಕೆ ಎತ್ತಿನ ಮೇಲೆ ಬಂದು, ಮನೆಯ ಮುಂದೆ ವಂಶಾವಳಿ ಒಪ್ಪಿಸುವ ಹೆಳವರಿದ್ದಾರೆ. ಅವರು ಹೇಳುವ ಮೂಲ ಊರಿನ ಹೆಸರು ಯಾವ ಕ್ರೋಮೋಸೋಮಿನಲ್ಲೂ ಸಿಗದು.

ಮೈಸೂರು ಸೀಮೆಯಲ್ಲಿ ತಂದೆಯ ಹೆಸರಿನ ಮೊದಲಕ್ಷರವೇ ಇನಿಷಿಯಲ್ ಆಗಿ ತಲೆಮಾರಿಗೊಮ್ಮೆ ಬದಲಾಗುವುದರಿಂದ, ಅಂಥ ಮನೆಗಳಲ್ಲಿ ಹಿಂಬಾಲಿಸಿ ಹೋಗಲು ಹೆಸರೇ ಇರುವುದಿಲ್ಲ. ತುಳುನಾಡಿನದು ಇನ್ನೂ ಸ್ವಾರಸ್ಯದ ಸಂಗತಿ. ಅಳಿಯಸಂತಾನದ ಕುಟುಂಬಗಳಲ್ಲಿ ‘ಬಳಿ’ ಎಂಬ ಕುಲದ ಹೆಸರು ತಾಯಿಯಿಂದ ಬರುತ್ತದೆ. ಮಗನಿಗೆ ಬಂದರೂ ಅವನ ಮಕ್ಕಳಿಗೆ ದಾಟುವುದಿಲ್ಲ. ಆದ್ದರಿಂದ ಬಳಿಯ ಮೂಲ ಹುಡುಕುವವರಿಗೆ ವೈ ಕ್ರೋಮೋಸೋಮು ಪ್ರಯೋಜನಕ್ಕೆ ಬಾರದು. ತಾಯಿಯಿಂದಲೇ ಬರುವ, 16,569 ಅಕ್ಷರಗಳಷ್ಟು ಪುಟ್ಟದಾದ, ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಎಂಬ ಕಣದ ಡಿಎನ್‌ಎಯನ್ನು ಓದಬೇಕು. ತೊಡಕೆಂದರೆ ಅದು ಬಲು ನಿಧಾನವಾಗಿ ಬದಲಾಗುತ್ತದೆ: ಒಂದೇ ಬಳಿಯ ಇಬ್ಬರಲ್ಲಿ ಅದು ಪೂರಾ ಬೇರೆಯಾಗಿದ್ದರೆ ತಾಯಿಯ ಸಾಲು ಎಲ್ಲೋ ಬೇರ್ಪಟ್ಟಿದೆ ಎಂದು ಹೇಳಬಹುದು, ಒಂದೇ ಆಗಿದ್ದರೆ, ಅವರಿಬ್ಬರ ಸಮಾನ ಅಜ್ಜಿ ಬಳಿಗಳೇ ಇಲ್ಲದಿದ್ದ ಕಾಲದವಳೂ ಆಗಿರಬಹುದು.